‘ಚುಕ್ಕಾಣಿ ಹೊರಕ್ಕೆ’ ಅಂದರೆ ಯಾವುದು ಹೊರಕ್ಕೆ?

ಸಣ್ಣ ಹಾಯಿದೋಣಿಯನ್ನು ಒಬ್ಬರೇ ನಡೆಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ದೋಣಿಯನ್ನು ಪಾಂಟೂನ್‌ಗೆ ತಂದು ಕಟ್ಟುವ ಭಾಗದಲ್ಲಿ ‘ಚುಕ್ಕಾಣಿ’ ಎಂಬ ಪದ ತುಂಬಾ ತೊಡಕಾಗಿದೆ. ಪಾಂಟೂನ್‌ಗೆ ‘ತೇಲುಕಟ್ಟೆ’ ಅಂತ ಬಳಸಿದ್ದೇನೆ. ನೀರು ಏರಿದರೆ ಅದೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಆ ಪದದ ಬಗ್ಗೆ ನನಗೆ ಸಮಾಧಾನವಿದೆ.

ತೊಡಕು ಎಲ್ಲಿ ಅಂತ ತಿಳಿಯಲು ಕೆಲಸದ ಬಗೆ ಗೊತ್ತಿರಬೇಕು. ಗಾಳಿ, ನೀರಿನ ಸೆಳೆತ ಎರಡರಲ್ಲಿ ಯಾವುದು ಜೋರೋ ಅದಕ್ಕೆ ಎದುರಾಗಿ, ನಿಧಾನವಾಗಿ ಕಟ್ಟೆಯ ಹತ್ತಿರ ಬರುತ್ತಾರೆ. ಮೂತಿಗೆ ಒಂದು ಹಗ್ಗ, ಹಿಂಬದಿಗೆ ಒಂದು ಹಗ್ಗ ಅಂತ ಓಡಾಡಲು ಇನ್ನೊಬ್ಬರು ಇಲ್ಲವಲ್ಲ. ಅದಕ್ಕೇ ದೋಣಿಯ ನಡುವೆ ಇರುವ ಕ್ಲೀಟ್‌ನಿಂದ (ಹಗ್ಗ ಸುತ್ತಿ ಕಟ್ಟುವ ಗೂಟ) ಒಂದೇ ಹಗ್ಗ ತೆಗೆದು, ಸ್ವಲ್ಪ ಹಿಂದಕ್ಕಿರುವ ಕಟ್ಟೆಯ ಕ್ಲೀಟ್‌ಗೆ ಹಾಕುತ್ತಾರೆ. ಆಮೇಲೆ ಎಂಜಿನ್ ಮೆಲ್ಲಗೆ ಮುಂದಕ್ಕೆ. ಹಗ್ಗ ಬಿಗಿಯುತ್ತದೆ. ಮುಂದೆ ಹೋಗಲಾಗದ ದೋಣಿ ಪಕ್ಕಕ್ಕೆ ಸರಿದು ಕಟ್ಟೆಗೆ ಅಂಟಿಕೊಳ್ಳುತ್ತದೆ. ಆದರೆ ಹಗ್ಗ ಎಳೆಯುವುದರಿಂದ ಮೂತಿ ಕಟ್ಟೆಯ ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ‘ಚುಕ್ಕಾಣಿಯನ್ನು ಹೊರಕ್ಕೆ ತಿರುಗಿಸಿ’ ಅಂತ ಹೇಳಬೇಕು. ಹಾಗೆ ತಿರುಗಿಸಿಟ್ಟರೆ ದೋಣಿ ಕಟ್ಟೆಗೆ ಸಮನಾಗಿ ನಿಲ್ಲುತ್ತದೆ, ಉಳಿದ ಹಗ್ಗಗಳನ್ನು ನಿಧಾನವಾಗಿ ಕಟ್ಟಬಹುದು.

ಇಲ್ಲಿ ಹೊರಕ್ಕೆ ಹೋಗಬೇಕಾದದ್ದು ಯಾವುದು? ನಾವು ನೀರೊಳಗಿನ ಹಲಗೆಗೂ ಚುಕ್ಕಾಣಿ ಅನ್ನುತ್ತೇವೆ, ಕೈಯಲ್ಲಿ ಹಿಡಿಯುವ ಕೋಲಿಗೂ ಅನ್ನುತ್ತೇವೆ, ಚಕ್ರಕ್ಕೂ ಅನ್ನುತ್ತೇವೆ. ‘ಚುಕ್ಕಾಣಿ ಹಿಡಿದರು’ ಅನ್ನುವಾಗ ಹಲಗೆಯನ್ನು ಯಾರೂ ಹಿಡಿಯುವುದಿಲ್ಲ, ಅಲ್ವಾ? ಚಕ್ರವಿದ್ದರೆ ಅದನ್ನು ಹೊರಕ್ಕೇ ತಿರುಗಿಸಬೇಕು. ಕೋಲು ಒಂದು ಕಡೆ ಹೋದರೆ ಹಲಗೆ ಅದರ ಎದುರು ಕಡೆ ತಿರುಗುತ್ತದೆ; ಹಾಗಾಗಿ ಕೋಲಿದ್ದರೆ ಅದನ್ನು ಕಟ್ಟೆಯ ಕಡೆಗೆ, ಅಂದರೆ ಒಳಕ್ಕೆ ತಳ್ಳಬೇಕು. ಸಣ್ಣ ದೋಣಿಗಳಲ್ಲಿ ಕೋಲೇ ಜಾಸ್ತಿ. ನನ್ನ ವಾಕ್ಯವನ್ನು ನಂಬಿ ಕೋಲನ್ನು ಹೊರಕ್ಕೆ ತಳ್ಳಿದವರ ದೋಣಿಯ ಮೂತಿ ನೇರ ಕಟ್ಟೆಗೆ ಬಡಿಯುತ್ತದೆ. ಸಹಾಯಕ್ಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಇದು ಕನ್ನಡದ ಕೊರತೆಯೇನೂ ಅಲ್ಲ. ಇಂಗ್ಲಿಷ್ ನಾವಿಕರೂ ಬಹಳ ಕಾಲ ಕೋಲಿನ ಲೆಕ್ಕದಲ್ಲೇ ಆಜ್ಞೆ ಕೊಡುತ್ತಿದ್ದರು. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ಕೊಟ್ಟ ‘ಹಾರ್ಡ್ ಎ ಸ್ಟಾರ್‌ಬೋರ್ಡ್’ ಆಜ್ಞೆಗೆ ಹಡಗನ್ನು ಎಡಕ್ಕೆ ತಿರುಗಿಸು ಅಂತಲೇ ಅರ್ಥ, ಸ್ಟಾರ್‌ಬೋರ್ಡ್ ಅಂದರೆ ಬಲ ಆದರೂ. ಬ್ರಿಟನ್ನಿನಲ್ಲಿ ಈ ಪದ್ಧತಿ ಬದಲಾದದ್ದು 1933ರಲ್ಲಿ.

‘ಮೂತಿ ಹೊರಕ್ಕೆ’ ಅಂತ ಬರೆದರೆ ಹೇಗೆ ಅಂತ ನೋಡಿದೆ. ಅದೂ ಸರಿಬರುವುದಿಲ್ಲ. ಹಗ್ಗ ಹಿಡಿದಿರುವಾಗ ಮೂತಿ ಹೊರಕ್ಕೆ ಹೋಗುವುದೇ ಇಲ್ಲ, ಹೋಗಲೂಬಾರದು. ಸದ್ಯಕ್ಕೆ ‘ಚುಕ್ಕಾಣಿ’ಯನ್ನು ಹಲಗೆಗೆ ಮಾತ್ರ ಉಳಿಸಿ, ಕೈಯ ಭಾಗಕ್ಕೆ ‘ಹಿಡಿಕೋಲು’, ‘ಚಕ್ರ’ ಅಂತ ಬೇರೆ ಮಾಡಿದ್ದೇನೆ. ‘ಚಕ್ರವಾದರೆ ಕಟ್ಟೆಯಿಂದ ಆಚೆಗೆ ತಿರುಗಿಸಿ, ಹಿಡಿಕೋಲಾದರೆ ಕಟ್ಟೆಯ ಕಡೆಗೆ ತಳ್ಳಿ’ ಅಂತ ಬರೆದರೆ ವಾಕ್ಯ ಉದ್ದವಾಗುತ್ತದೆ, ಆದರೆ ಗೊಂದಲವಿರುವುದಿಲ್ಲ. ಚಿಕ್ಕ ವಾಕ್ಯಕ್ಕಿಂತ ನನಗೆ ಅದೇ ಮುಖ್ಯ.

ಇನ್ನೊಂದು ಚಿಕ್ಕ ವಿಷಯ. ಆ ನಡುವಿನ ಹಗ್ಗಕ್ಕೆ ಇಂಗ್ಲಿಷಿನಲ್ಲಿ ಸ್ಪ್ರಿಂಗ್ ಅನ್ನುತ್ತಾರೆ. ಹಾಗೇ ತೆಗೆದುಕೊಂಡರೆ ಓದುಗರು ಸುರುಳಿಯನ್ನೋ ಹಿಗ್ಗುವ ರಬ್ಬರನ್ನೋ ನೆನೆಯುತ್ತಾರೆ. ಅದರ ಕೆಲಸ ದೋಣಿ ಹಿಂದೆ ಮುಂದೆ ಓಡದಂತೆ ತಡೆಯುವುದು. ಅದಕ್ಕೆ ‘ತಡೆಹಗ್ಗ’ ಅಂದಿದ್ದೇನೆ.

ದೋಣಿ ನಡೆಸುವವರ ಮಾತು ಕೇಳಿ ಬಲ್ಲವರು ದಯವಿಟ್ಟು ತಿಳಿಸಿ: ಅವರು ಕೈಯ ಕೋಲಿಗೂ ನೀರೊಳಗಿನ ಹಲಗೆಗೂ ಬೇರೆ ಬೇರೆ ಹೆಸರು ಹೇಳುತ್ತಾರೆಯೇ? ಹೇಳುವುದಾದರೆ ನನ್ನ ‘ಹಿಡಿಕೋಲು’ ಬಿಟ್ಟು ಅದನ್ನೇ ಬಳಸುತ್ತೇನೆ.