ಪ್ಯಾಡ್ ಒಳಗೇ ವಯಾ ಹಾಕಬಹುದಾ? ಮಾಡಿ ನೋಡಿದವರು ಹೇಳಿ

ನಾಲ್ಕು ತಾಮ್ರದ ಲೇಯರ್ ಇರೋ ಸರ್ಕ್ಯೂಟ್ ಬೋರ್ಡು. ಮಧ್ಯೆ 0.5 ಮಿ.ಮೀ. ಪಿಚ್‌ನ (ಕಾಲಿಂದ ಕಾಲಿಗೆ ಅಂತರ) ಒಂದು ಕ್ಯೂಎಫ್‌ಎನ್ ಚಿಪ್, ಸುತ್ತ 0402 ಸೈಜಿನ (ಸುಮಾರು 1 × 0.5 ಮಿ.ಮೀ.) ಕೆಪ್ಯಾಸಿಟರ್‌ಗಳು. ಜಾಗ ಸಾಲ್ತಿಲ್ಲ. ವಯಾಗಳನ್ನ (ಲೇಯರ್‌ಗಳನ್ನ ಜೋಡಿಸೋ ತಾಮ್ರ ಲೇಪಿಸಿದ ತೂತು) ಪ್ಯಾಡ್ (ಬಿಡಿಭಾಗ ಬೆಸುಗೆ ಹಾಕೋ ತಾಮ್ರದ ಜಾಗ) ಒಳಗೇ ಹಾಕಿಬಿಡೋಣ ಅಂತಿದ್ದೀನಿ. ಕೈ ಸುಟ್ಟುಕೊಂಡವರು ಇದ್ದೀರಾ?

ಉತ್ತರ 1
ನಾನಿದ್ದೀನಿ. ಇದೇ ಥರ 0402 ಪ್ಯಾಡ್ ಒಳಗೆ 0.3 ಮಿ.ಮೀ. ತೂತು, ಏನೂ ತುಂಬಿಸದೆ. ದೀಪದ ಬತ್ತಿ ಎಣ್ಣೆ ಎಳೆಯುತ್ತಲ್ಲ, ಹಾಗೆ ರಿಫ್ಲೋದಲ್ಲಿ (ಒಲೆಯಲ್ಲಿ ಬಿಸಿ ಮಾಡಿ ಬೆಸುಗೆ ಕರಗಿಸುವಾಗ) ಸೋಲ್ಡರೆಲ್ಲ ತೂತಿನೊಳಗೆ ಇಳಿದು ಹಿಂಬದಿಯಲ್ಲಿ ಗುಂಡಗೆ ಕೂತಿತ್ತು. ಕೆಲವು ಕೆಪ್ಯಾಸಿಟರ್ ಒಂದೇ ಕಾಲಲ್ಲಿ ಎದ್ದು ನಿಂತಿದ್ವು. ಅವು ಕಣ್ಣಿಗೆ ಬೀಳುತ್ತವೆ, ಪರವಾಗಿಲ್ಲ. ನಿಜವಾಗಿ ಕಾಡಿದ್ದು ಮೇಲ್ನೋಟಕ್ಕೆ ಸರಿಯಿದ್ದ ಜಾಯಿಂಟ್‌ಗಳು: ಬೆರಳಲ್ಲಿ ಒತ್ತಿದರೆ ಬೋರ್ಡ್ ನಡೆಯುತ್ತಿತ್ತು, ಬಿಟ್ಟರೆ ಇಲ್ಲ. ಐವತ್ತು ಬೋರ್ಡು, ಎರಡು ರಾತ್ರಿ ಐರನ್ ಹಿಡಿದು ಕೂತಿದ್ದೆ.

ಉತ್ತರ 2
ಹಾಕಲೇಬೇಕಾದರೆ ರೆಸಿನ್ ತುಂಬಿಸಿ, ಸಮ ಉಜ್ಜಿ, ಮೇಲೆ ಮತ್ತೆ ತಾಮ್ರ ಪ್ಲೇಟ್ ಮಾಡಿಸಿ. ವಯಾ ಮುಚ್ಚೋ ವಿಧಗಳ ಐಪಿಸಿ-4761 ಮಾನದಂಡದಲ್ಲಿ ಇದು ಟೈಪ್ 7. ಬೋರ್ಡ್ ಮಾಡೋ ಕಂಪನಿಗೆ ಕೊಡೋ ಫ್ಯಾಬ್ ಡ್ರಾಯಿಂಗ್‌ನಲ್ಲಿ ಹಾಗೇ ಬರೆಯಿರಿ. ಬರೀ ‘ವಯಾ ಪ್ಲಗ್’ ಅಂತ ಬರೆದರೆ ಸೋಲ್ಡರ್ ಮಾಸ್ಕ್ (ಬೋರ್ಡ್ ಮೇಲೆ ಬೆಸುಗೆ ಹಿಡಿಯದಂತೆ ಬಳಿಯೋ ಲೇಪ) ಇಂಕ್ ತುಂಬಿ ಕಳಿಸಿಬಿಡಬಹುದು, ಅದು ಪ್ಯಾಡ್ ಒಳಗೆ ಕೆಲಸಕ್ಕೆ ಬರಲ್ಲ. ಎರಡು ಸಲ ಪ್ಲೇಟ್ ಆಗೋದರಿಂದ ಹೊರ ಲೇಯರ್ ತಾಮ್ರ ದಪ್ಪ ಆಗುತ್ತೆ, ಸಣ್ಣ ಟ್ರೇಸ್ (ತಾಮ್ರದ ಗೆರೆ) ಎಳೆಯೋದು ಕಷ್ಟ. ಕೊಟೇಶನ್ ಏರೋದು ಬೇರೆ. 0.5 ಪಿಚ್ ಬಿಜಿಎ (ಅಡಿಯಲ್ಲೆಲ್ಲ ಸೋಲ್ಡರ್ ಗುಂಡುಗಳಿರೋ ಚಿಪ್) ಆಗಿದ್ದರೆ ಬೇರೆ ದಾರಿ ಕಡಿಮೆ, ಮಾಡಿಸಿ ಅಂತಿದ್ದೆ. ನಿಮ್ಮದು ಕ್ಯೂಎಫ್‌ಎನ್, ಕಾಲುಗಳೆಲ್ಲ ಅಂಚಿನಲ್ಲೇ ಇವೆಯಲ್ಲ, ಟ್ರೇಸ್ ಹೊರಗೆ ಎಳೆದು ವಯಾ ಪಕ್ಕದಲ್ಲೇ ಹಾಕಬಹುದು!

ಉತ್ತರ 3
ಆದ್ರೆ ಕ್ಯೂಎಫ್‌ಎನ್ ಹೊಟ್ಟೆಯಡಿಯ ದೊಡ್ಡ ಪ್ಯಾಡ್‌ನ ಕಥೆ ಬೇರೆ ಮಾರಾಯ್ರೆ. ಬಿಸಿ ಇಳಿಯಬೇಕಾದ್ರೆ ಅಲ್ಲಿ ವಯಾ ಬೇಕೇ ಬೇಕು. ನಾನು 0.2 ಮಿ.ಮೀ. ತೂತುಗಳನ್ನು ಸುಮಾರು 1 ಮಿ.ಮೀ. ಅಂತರದಲ್ಲಿ ತೆರೆದೇ ಇಡ್ತೇನೆ. ಸೋಲ್ಡರ್ ಪೇಸ್ಟ್ ಬಳಿಯುವ ಸ್ಟೆನ್ಸಿಲ್‌ನಲ್ಲಿ (ಕಿಂಡಿಗಳಿರುವ ತೆಳು ತಗಡು) ಒಂದೇ ದೊಡ್ಡ ಕಿಂಡಿ ಬೇಡ, ಕಿಟಕಿ ಗಾಜಿನ ಹಾಗೆ ಸಣ್ಣ ಚೌಕ ಮಾಡಿ, ಪೇಸ್ಟ್ ತೂತಿನ ಮೇಲೆ ಬೀಳದ ಹಾಗೆ. ಪೇಸ್ಟ್ ಜಾಸ್ತಿಯಾದ್ರೆ ಚಿಪ್ಪೇ ತೇಲ್ತದೆ.

ಕೇಳಿದವನು
ಎಲ್ಲರಿಗೂ ಥ್ಯಾಂಕ್ಸ್. ಕೆಪ್ಯಾಸಿಟರ್ ವಯಾಗಳನ್ನ ಪ್ಯಾಡ್ ಪಕ್ಕಕ್ಕೇ ಸರಿಸಿದೆ, ನಡುವೆ 0.1 ಮಿ.ಮೀ. ಮಾಸ್ಕ್ ಗೆರೆ ಉಳೀತು. ಎರಡು ರೆಸಿಸ್ಟರ್‌ಗಳನ್ನ ಹಿಂಬದಿಗೆ ಹಾಕಿದ್ಮೇಲೆ ಜಾಗಾನೂ ಆಯ್ತು. ಹೊಟ್ಟೆಯಡಿ ಒಂಬತ್ತು ವಯಾ ಹಾಗೇ ಇವೆ.