ದುಡ್ಡು ಕೊಟ್ಟವನಿಗೆ ಡ್ರ್ಯಾಗನ್: ಈ ಪ್ರಾಣಿ ಕಾಳಗದ ಗೇಮ್ ಆಟವೋ, ಜೂಜೋ?

ಪಿಜೆ_ಬಡಾವಣೆ_ಹುಡುಗ:
ಬ್ರೌಸರಲ್ಲೇ ಆಡುವ ಪ್ರಾಣಿ ಕಾಳಗದ ಗೇಮ್ ಒಂದಿದೆ. ನಮ್ಮ ಪಿಜಿಯಲ್ಲಿ ಆರು ಜನ ಆಡುತ್ತೇವೆ. ಡೌನ್‌ಲೋಡ್ ಬೇಡ, ದುಡ್ಡು ಬೇಡ, ಒಂದು ಟ್ಯಾಬ್ ತೆರೆದರೆ ಸಾಕು. ಮರಿ ಹಿಡಿದು ಸಾಕಬೇಕು, ಬೇರೆಯವರ ಪ್ರಾಣಿ ಮೇಲೆ ಬಿಡಬೇಕು. ನಾಲ್ಕು ತಿಂಗಳು ಸಾಕಿದ ನನ್ನ ನೀರಾಮೆ ಲೆವೆಲ್ 41ಕ್ಕೆ ಬಂದಿತ್ತು. ನಿನ್ನೆ ರಾತ್ರಿ ರ‍್ಯಾಂಕ್ ಪಂದ್ಯದಲ್ಲಿ ಎರಡೇ ಏಟಿಗೆ ಮಲಗಿತು. ಎದುರಿಗಿದ್ದವನು ಆಟಕ್ಕೆ ಸೇರಿ 9 ದಿನ ಆಗಿತ್ತು ಅಷ್ಟೇ. ಅವನ ಹತ್ತಿರ ಬೆಂಕಿ ಡ್ರ್ಯಾಗನ್ ಇತ್ತು. ಬೆಂಕಿಗೆ ನೀರು ಮೇಲು ಅಂತ ಆಟದಲ್ಲೇ ಬರೆದಿದೆ, ಆದರೂ ಸೋತೆ. ಆ ಡ್ರ್ಯಾಗನ್ ಬರುವುದು ಚಿನ್ನದ ಮೊಟ್ಟೆಯಿಂದ, ಮೊಟ್ಟೆ ಜೆಮ್ಸ್ ಅನ್ನುವ ಆಟದ ನಾಣ್ಯದಿಂದ, ಜೆಮ್ಸ್ ಯುಪಿಐಯಿಂದ. ಸಿಟ್ಟು ಬಂದು ನಾನೂ 890 ರೂಪಾಯಿ ಹಾಕಿದೆ. ಎಂಟು ಮೊಟ್ಟೆ ಸಿಕ್ಕವು. ಒಡೆದರೆ ಐದು ಬೆಕ್ಕು, ಮೂರು ಕಪ್ಪೆ. ಇದು ಆಟ ಅಲ್ಲ, ಜೂಜು.

ಮಂಡಕ್ಕಿ_ಮೆಣಸಿನಕಾಯಿ:
"ಸಿಟ್ಟು ಬಂದು ಹಾಕಿದೆ" ಅಂತ ನೀವೇ ಬರೆದಿದ್ದೀರಿ. ಯಾರೂ ಕೈ ಹಿಡಿದು ಹಾಕಿಸಲಿಲ್ಲ. ನಾನು 14 ತಿಂಗಳಿಂದ ಆಡುತ್ತಿದ್ದೇನೆ, ನಯಾಪೈಸೆ ಕೊಟ್ಟಿಲ್ಲ. ನಿಟ್ಟುವಳ್ಳಿಯಲ್ಲಿ ನಮ್ಮ ಅಂಗಡಿ ಇದೆ, ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ನಾಲ್ಕು ಪಂದ್ಯ ಆಡುತ್ತೇನೆ. ದಿನಾ ಲಾಗಿನ್ ಆದರೆ ಜೆಮ್ಸ್ ಪುಕ್ಕಟೆ ಕೊಡುತ್ತಾರೆ. ಡ್ರ್ಯಾಗನ್ ಸಿಗುವುದು ಒಂದು ಪರ್ಸೆಂಟ್ ಅಂತ ಮೊಟ್ಟೆ ಕೆಳಗೇ ಹಾಕಿದ್ದಾರೆ. ನೂರು ಮೊಟ್ಟೆ ಕೂಡಿಸಿ ಒಡೆಯಿರಿ, ಒಂದು ಸಿಕ್ಕೇ ಸಿಗುತ್ತೆ.

ಗಣಿತ_ಮೇಡಂ:
"ಸಿಕ್ಕೇ ಸಿಗುತ್ತೆ" ಅನ್ನುವುದು ತಪ್ಪು. ಪ್ರತಿ ಮೊಟ್ಟೆಗೂ ಒಂದು ಪರ್ಸೆಂಟೇ. 99 ಮೊಟ್ಟೆ ಒಡೆದಿದ್ದೀರಿ ಅಂತ ನೂರನೆಯದು ಕರುಣೆ ತೋರಿಸುವುದಿಲ್ಲ. ನೂರು ಜನ ತಲಾ ನೂರು ಮೊಟ್ಟೆ ಒಡೆದರೆ ಸುಮಾರು 37 ಜನಕ್ಕೆ ಒಂದೂ ಡ್ರ್ಯಾಗನ್ ಬರುವುದಿಲ್ಲ. ಎಂಟು ಮೊಟ್ಟೆ ಒಡೆದ ಹುಡುಗನಿಗೆ ಇದ್ದ ಅವಕಾಶ 8 ಪರ್ಸೆಂಟೂ ಇಲ್ಲ. ಮಕ್ಕಳು ಮೋಸ ಹೋಗುವುದು ಇದೇ ಲೆಕ್ಕದಲ್ಲಿ.

ಮಂಡಕ್ಕಿ_ಮೆಣಸಿನಕಾಯಿ:
"ಮೋಸ" ಅನ್ನಬೇಡಿ ಮೇಡಂ. ಪರ್ಸೆಂಟ್ ಬರೆದು ಇಟ್ಟ ಮೇಲೆ ಮೋಸ ಹೇಗಾಗುತ್ತೆ? ಲೆಕ್ಕ ಬರದವರದು ತಪ್ಪು.

ದುರ್ಗದ_ಕೋಟೆ:
ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಬರೆದು ಇಟ್ಟರೆ ಜೂಜು ಜೂಜಲ್ಲ ಅಂತಾಗುತ್ತಾ? ಜಪಾನಿನ ಗೇಮ್‌ಗಳಲ್ಲಿ ದುಡ್ಡು ಕೊಟ್ಟು ಅದೃಷ್ಟದ ಮೇಲೆ ಸಿಗುವ ವಸ್ತುಗಳನ್ನು ಕೂಡಿಸಿ ಸೆಟ್ ಮಾಡಿದರೆ ಬಹುಮಾನ ಅನ್ನುವ ಪದ್ಧತಿ ಇತ್ತು. 2012ರಲ್ಲೇ ಅಲ್ಲಿನ ಸರ್ಕಾರ ಅದು ಕಾನೂನಿಗೆ ವಿರುದ್ಧ ಅಂದಿತು. ದುಡ್ಡು ಕೊಟ್ಟು ಮುಚ್ಚಿದ ಪೆಟ್ಟಿಗೆ ತೆರೆಯುವುದು ಜೂಜೇ ಅಂತ 2018ರಲ್ಲಿ ಬೆಲ್ಜಿಯಂ ಹೇಳಿತು. ನಮ್ಮಲ್ಲೂ ಆನ್‌ಲೈನ್ ಗೇಮಿಂಗ್ ಬಗ್ಗೆ 2025ರ ಕಾಯ್ದೆ ಬಂದಿದೆ.

ಮಂಡಕ್ಕಿ_ಮೆಣಸಿನಕಾಯಿ:
"2025ರ ಕಾಯ್ದೆ" ಓದಿದ್ದೀರಾ? ಹಣ ಇಟ್ಟು ಹಣ ಗೆಲ್ಲುವ ಆಸೆಯಲ್ಲಿ ಆಡುವ ಆಟಕ್ಕೆ ಅದು ತಡೆ. ಇಲ್ಲಿ ಗೆದ್ದರೆ ಬರುವುದು ಕಪ್ಪೆ. ಆ ಕಪ್ಪೆಯನ್ನು ಯಾವ ಬ್ಯಾಂಕಿಗೆ ಹಾಕುತ್ತೀರಿ?

ಹದಡಿ_ರೋಡ್_ಟಗರು:
ಒಂದು ಮಾತು. ನಮ್ಮ ದಾವಣಗೆರೆ ದುಗ್ಗಮ್ಮನ ಜಾತ್ರೆಯ ಟಗರು ಕಾಳಗ ನೋಡಿದವರಿಗೆ ಈ ಹುಡುಗನ ನೋವು ಅರ್ಥ ಆಗುತ್ತೆ. ನಮ್ಮಪ್ಪ ಮೂರು ಟಗರು ಸಾಕಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ನಡೆಸುತ್ತಾರೆ, ನೆನೆಸಿದ ಹುರುಳಿ, ಹಾಲು, ಮೊಟ್ಟೆ ತಾವೇ ತಿನ್ನಿಸುತ್ತಾರೆ. ಅಖಾಡಕ್ಕೆ ಬಿಡುವ ಮೊದಲು ವಯಸ್ಸು ತಿಳಿಯಲು ತುಟಿ ಎತ್ತಿ ಹಲ್ಲು ನೋಡುತ್ತಾರೆ. ಹಾಲುಹಲ್ಲಿಗೆ ಹಾಲುಹಲ್ಲು, ಎರಡು ಹಲ್ಲಿಗೆ ಎರಡು ಹಲ್ಲು, ಎಂಟಕ್ಕೆ ಎಂಟು. ಎರಡು ಹಲ್ಲಿನ ಟಗರನ್ನು ಎಂಟು ಹಲ್ಲಿನದರ ಎದುರು ಯಾರೂ ಬಿಡುವುದಿಲ್ಲ. ಈ ಗೇಮ್ ಹಾಗೆ ಬಿಟ್ಟಿತು.

ದುರ್ಗದ_ಕೋಟೆ:
"ಟಗರು ಕಾಳಗ" ಅಂತ ಹೆಮ್ಮೆಯಿಂದ ಬರೆದಿದ್ದೀರಲ್ಲ, ಅದು ಅಪರಾಧ. ಮನರಂಜನೆಗೆ ಅಂತ ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಛೂ ಬಿಡಬಾರದು ಅಂತ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲೇ ಇದೆ.

ಹದಡಿ_ರೋಡ್_ಟಗರು:
ಕಂಬಳಕ್ಕೆ ಆಗುತ್ತೆ, ನಮಗೆ ಆಗಲ್ವಾ? 2017ರಲ್ಲಿ ಕಾಯ್ದೆ ತಿದ್ದಿದ್ದು ನೆನಪಿಲ್ವಾ?

ದುರ್ಗದ_ಕೋಟೆ:
ತಿದ್ದಿದ್ದು ಕಂಬಳಕ್ಕೆ ಮತ್ತು ಎತ್ತಿನ ಗಾಡಿ ಓಟಕ್ಕೆ. ಟಗರಿನ ಹೆಸರು ಅದರಲ್ಲಿ ಇಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಅದನ್ನೇ. ಓಡುವುದು ಬೇರೆ, ತಲೆ ಒಡೆದುಕೊಳ್ಳುವುದು ಬೇರೆ.

ಹದಡಿ_ರೋಡ್_ಟಗರು:
"ತಲೆ ಒಡೆದುಕೊಳ್ಳುವುದು" ಅಂತೆ! ಒಂದು ದಿನ ಬಂದು ನಮ್ಮ ಕೊಟ್ಟಿಗೆ ನೋಡಿ ಸ್ವಾಮಿ. ಕಾಲಿಗೆ ಮುಳ್ಳು ಚುಚ್ಚಿದರೆ ನಮ್ಮಪ್ಪ ರಾತ್ರಿಯೆಲ್ಲ ಅದರ ಪಕ್ಕ ಕೂರುತ್ತಾರೆ. ಸೋಲುವ ಟಗರು ತಾನೇ ಹಿಂದೆ ಸರಿಯುತ್ತೆ, ಆಗಲೇ ಬಿಡಿಸುತ್ತಾರೆ. ನಿಮ್ಮ ಸೆಕ್ಷನ್ ಬರೆದವರು ಟಗರಿನ ಕೊಂಬು ಮುಟ್ಟಿದ್ದಾರಾ?

ಗಣಿತ_ಮೇಡಂ:
ಮುಳ್ಳು ಚುಚ್ಚಿದರೆ ಕೂರುವವರು ಕೊಂಬು ತಾಗಿಸಲು ಬಿಡುವುದೇಕೆ? ನಾನೂ ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ನೋಡಿದ್ದೇನೆ. ಆ ಟಕ್ ಅನ್ನುವ ಸದ್ದಿಗೆ ಅತ್ತುಬಿಟ್ಟಿದ್ದೆ. ಪ್ರತಿ ವರ್ಷ ಜಾತ್ರೆ ಬಂದಾಗ ಅದೇ ನೆನಪಾಗುತ್ತೆ.

ಹದಡಿ_ರೋಡ್_ಟಗರು:
ಪ್ರತಿ ವರ್ಷವಾ? ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಮೇಡಂ. 2022ರಲ್ಲಿ ಆಯ್ತು, 2024ರಲ್ಲಿ ಆಯ್ತು. ಊರಮ್ಮನ ಜಾತ್ರೆ ಯಾವಾಗ ಅಂತಲೇ ಗೊತ್ತಿಲ್ಲದವರು ಟಗರಿನ ಬಗ್ಗೆ ಹೇಳಲು ಬರುತ್ತೀರಿ.

ಗಣಿತ_ಮೇಡಂ:
ನಾನು ಹುಟ್ಟಿ ಬೆಳೆದದ್ದು ಹಳೇ ದಾವಣಗೆರೆಯಲ್ಲೇ. ಜಾತ್ರೆ ಲೆಕ್ಕ ತಪ್ಪಿರಬಹುದು, ಆ ಸದ್ದು ತಪ್ಪಿಲ್ಲ.

ಮಂಡಕ್ಕಿ_ಮೆಣಸಿನಕಾಯಿ:
"ಲೆಕ್ಕ ತಪ್ಪಿರಬಹುದು" ಅಂತ ಮೇಡಂ ಅವರೇ ಒಪ್ಪಿದರು. ಹಾಗಾದರೆ 37 ಜನದ ಲೆಕ್ಕವೂ ಇನ್ನೊಮ್ಮೆ ನೋಡಿ.

ಗಣಿತ_ಮೇಡಂ:
ನೋಡಬೇಕಾದ್ದು ನೀವು. ಒಂದು ಮೊಟ್ಟೆಯಲ್ಲಿ ಡ್ರ್ಯಾಗನ್ ಬರದಿರುವ ಅವಕಾಶ 0.99. ಅದನ್ನು ಅದರಿಂದಲೇ ಗುಣಿಸುತ್ತಾ ಹೋಗಿ, ನೂರು ಸಲ ಬರುವ ಹಾಗೆ. ಫೋನಿನ ಕ್ಯಾಲ್ಕುಲೇಟರ್ ಸಾಕು. 0.366 ಬರದಿದ್ದರೆ ಬಂದು ಹೇಳಿ.

ಪಿಜೆ_ಬಡಾವಣೆ_ಹುಡುಗ:
ದಯವಿಟ್ಟು ವಿಷಯಕ್ಕೆ ಬನ್ನಿ. ಜೆಮ್ಸ್ ಲೆಕ್ಕ ಯಾರೂ ನೋಡಲಿಲ್ಲ. 89 ರೂಪಾಯಿಗೆ 80 ಜೆಮ್ಸ್ ಕೊಡುತ್ತಾರೆ, ಒಂದು ಮೊಟ್ಟೆಗೆ ಬೇಕಾದ್ದು 100. ಒಂದು ಪ್ಯಾಕ್ ಕೊಂಡರೆ 20 ಕಡಿಮೆ ಬೀಳುತ್ತೆ. ಎರಡು ಕೊಂಡರೆ 60 ಉಳಿಯುತ್ತೆ. ಉಳಿದ 60 ಸುಮ್ನೆ ಬಿಡಲು ಮನಸ್ಸಾಗುವುದಿಲ್ಲ, ಇನ್ನೊಂದು ಕೊಳ್ಳುತ್ತೇವೆ. ಐದು ಪ್ಯಾಕಿಗೆ ಹೋದರೇ ಲೆಕ್ಕ ಸರಿ ಹೋಗುವುದು. ನಾನು ಹತ್ತಕ್ಕೆ ಹೋದದ್ದು ಹಾಗೇ. ರಾತ್ರಿ 12 ಗಂಟೆ, ಇವೆಂಟ್ ಮುಗಿಯಲು 40 ನಿಮಿಷ ಅಂತ ಕೆಂಪು ಗಡಿಯಾರ ಓಡುತ್ತಿತ್ತು. ಅದು ಮೆಸ್ ಬಿಲ್ಲಿಗೆ ಅಪ್ಪ ಕಳಿಸಿದ ದುಡ್ಡು.

ಮಂಡಕ್ಕಿ_ಮೆಣಸಿನಕಾಯಿ:
"ಅಪ್ಪ ಕಳಿಸಿದ ದುಡ್ಡು." ಅಲ್ಲಿಗೆ ಮುಗಿಯಿತು. ತಪ್ಪು ಗೇಮಿನದಲ್ಲ. ಸರ್ವರ್ ಓಡಿಸಲು ಅವರಿಗೂ ಖರ್ಚಿದೆ, ಯಾರಾದರೂ ಕೊಡಲೇಬೇಕು. ನೀವು ಕೊಟ್ಟದ್ದರಿಂದ ನಾನು ಪುಕ್ಕಟೆ ಆಡುತ್ತಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಹದಡಿ_ರೋಡ್_ಟಗರು:
ಮೆಸ್ ದುಡ್ಡು ಕಳೆದುಕೊಂಡ ಹುಡುಗನಿಗೆ ಹೀಗಾ ಹೇಳುವುದು ಅಣ್ಣ? ಅಂಗಡಿ ಇಟ್ಟವರು ನೀವು. ನಿಮ್ಮ ತಕ್ಕಡಿಯಲ್ಲಿ ಒಂದು ಕೆಜಿ ಮಂಡಕ್ಕಿಯನ್ನು 800 ಗ್ರಾಂ ಪೊಟ್ಟಣದಲ್ಲಿ ಮಾತ್ರ ಮಾರುತ್ತೀರಾ?

ಮಂಡಕ್ಕಿ_ಮೆಣಸಿನಕಾಯಿ:
ನನ್ನ ಅಂಗಡಿ ಸುದ್ದಿಗೆ ಬರಬೇಡಿ. ನಾವು ತೂಕದಲ್ಲಿ ಒಂದು ಗ್ರಾಂ ಕಡಿಮೆ ಕೊಟ್ಟವರಲ್ಲ. ಮೊದಲು ನೀವು ಟಗರನ್ನು ಕಾಳಗಕ್ಕೆ ಬಿಡುವುದು ನಿಲ್ಲಿಸಿ.

ದುರ್ಗದ_ಕೋಟೆ:
ಅದೇ ನಾನು ಹೇಳುತ್ತಿರುವುದು. ಸೆಕ್ಷನ್ 11.

ಹದಡಿ_ರೋಡ್_ಟಗರು:
ಮತ್ತೆ ಸೆಕ್ಷನ್! ನನ್ನ ಪ್ರಶ್ನೆಗೆ ಇಲ್ಲಿಯವರೆಗೆ ಒಬ್ಬರೂ ಉತ್ತರ ಕೊಟ್ಟಿಲ್ಲ. 9 ದಿನದವನನ್ನು ನಾಲ್ಕು ತಿಂಗಳಿನವನ ಎದುರು ಬಿಟ್ಟವರು ಯಾವ ಹಲ್ಲು ನೋಡಿ ಬಿಟ್ಟರು? ಪರ್ಸೋ?

ಮಂಡಕ್ಕಿ_ಮೆಣಸಿನಕಾಯಿ:
ರ‍್ಯಾಂಕ್ ನೋಡಿ ಬಿಡುತ್ತಾರೆ. ಇಬ್ಬರದೂ ಒಂದೇ ರ‍್ಯಾಂಕ್ ಇರುತ್ತೆ.

ಪಿಜೆ_ಬಡಾವಣೆ_ಹುಡುಗ:
ಅಣ್ಣ, ಆ ರ‍್ಯಾಂಕಿಗೆ ಬರಲು ನನಗೆ ನಾಲ್ಕು ತಿಂಗಳು, 300ಕ್ಕೂ ಜಾಸ್ತಿ ಪಂದ್ಯ ಬೇಕಾಯಿತು. ಐದು ಪಂದ್ಯ ಆಡಿದರೆ ಪ್ರಾಣಿ ಸುಸ್ತು, ಮತ್ತೆ ಆಡಲು ಕಾಯಬೇಕು. ಜೆಮ್ಸ್ ಇದ್ದವನಿಗೆ ಆ ಕಾಯುವಿಕೆಯೂ ಇಲ್ಲ. ಒಂದೇ ರ‍್ಯಾಂಕ್ ಅಂದರೆ ಒಂದೇ ಹಲ್ಲು ಅಲ್ಲ.

ಮಂಡಕ್ಕಿ_ಮೆಣಸಿನಕಾಯಿ:
ನಾನು 14 ತಿಂಗಳು ಕಾದಿದ್ದೇನೆ. ನೀವೂ ಕಾಯಿರಿ.

ಗಣಿತ_ಮೇಡಂ:
0.99 ಗುಣಿಸಿ ನೋಡಿದಿರಾ?

ಹದಡಿ_ರೋಡ್_ಟಗರು:
ತಮ್ಮಾ, ಮೆಸ್ ಬಿಲ್ಲಿನ ವಿಷಯ ಅಪ್ಪನಿಗೆ ಇವತ್ತೇ ಫೋನ್ ಮಾಡಿ ಹೇಳು. ಮತ್ತೆ ಕೋಟೆಯವರೇ, 2017ರ ತಿದ್ದುಪಡಿ ನಾನೂ ಈಗ ತೆಗೆದು ಓದುತ್ತಿದ್ದೇನೆ. ಇನ್ನೂ ಮುಗಿದಿಲ್ಲ, ಬರುತ್ತೇನೆ.