ಅಪ್ಪ-ಅವ್ವನ ಜೊತೆ ಮೋಟರ್‌ಹೋಮ್‌ನಲ್ಲಿ ಸ್ಕಾಟ್ಲೆಂಡ್ ದ್ವೀಪಗಳು: ಯಾವ ದಾರಿ ಹಿಡಿಯಲಿ?

ಬೆಟಗೇರಿ ಮಗ್ಗ (ಗದಗ)

ಎಲ್ಲರಿಗೂ ನಮಸ್ಕಾರ. ತಂಗಿ ಗ್ಲಾಸ್ಗೋದಲ್ಲಿದ್ದಾಳೆ. ಬರುವ ಮೇ ತಿಂಗಳಲ್ಲಿ ಅಪ್ಪ-ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲೇ ಒಂದು ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ಬಾಡಿಗೆಗೆ ಹಿಡಿದು ದ್ವೀಪಗಳನ್ನು ಸುತ್ತುವ ಆಸೆ. ಸ್ಕೈ, ಬಾರಾ, ಹ್ಯಾರಿಸ್, ಆರ್ಕ್ನಿ, ಶೆಟ್ಲೆಂಡ್ ಅಂತ ಪಟ್ಟಿ ಮಾಡಿದ್ದೇನೆ. ಎರಡು ವಾರಕ್ಕೆ ಆಗುತ್ತಾ?

ಅಪ್ಪ ವಯಸ್ಸೆಲ್ಲ ಕೈಮಗ್ಗದ ಮುಂದೆ ಕಳೆದವರು. ಹ್ಯಾರಿಸ್ ಟ್ವೀಡ್ ಅನ್ನುವ ಉಣ್ಣೆ ಬಟ್ಟೆಯನ್ನು ಇವತ್ತಿಗೂ ಮನೆಯಲ್ಲೇ ನೇಯುತ್ತಾರೆ ಅಂತ ಕೇಳಿದಾಗಿನಿಂದ "ಅಲ್ಲಿ ಲಾಳಿ ಹೆಂಗ ಓಡತೈತಿ ನೋಡಬೇಕಲೇ" ಅಂತ ಬೆನ್ನು ಬಿದ್ದಿದ್ದಾರೆ. ಅವ್ವನದು ಊಟದ ಚಿಂತೆ. ಗಾಡಿ ಓಡಿಸುವವನು ನಾನೊಬ್ಬನೇ, ಇಲ್ಲಿ ಬೊಲೆರೊ ಓಡಿಸಿ ರೂಢಿ. ಹೋಗಿ ಬಂದವರು ಹೇಳಿ.

ವಿದ್ಯಾನಗರದ ಅಕ್ಕ (ಹುಬ್ಬಳ್ಳಿ)

ತಮ್ಮಾ, ಮೊದಲು ಆ ಪಟ್ಟಿ ಹರಿದು ಹಾಕು. ಶೆಟ್ಲೆಂಡ್‌ಗೆ ಅಬರ್ಡೀನ್‌ನಿಂದ ರಾತ್ರಿಯಿಡೀ ಹಡಗು. ಹ್ಯಾರಿಸ್ ಇರುವುದು ಪಶ್ಚಿಮ ಸಮುದ್ರದಲ್ಲಿ. ಎರಡನ್ನೂ ಹಿಡಿಯಲು ಹೋದರೆ ಅಪ್ಪ-ಅವ್ವ ಬಂದರುಗಳ ಸಾಲನ್ನಷ್ಟೇ ನೋಡುತ್ತಾರೆ.

ಅಪ್ಪನಿಗೆ ಮಗ್ಗ ನೋಡಬೇಕು ಅಂದರೆ ಔಟರ್ ಹೆಬ್ರಿಡೀಸ್ ಒಂದೇ ಸಾಕು, ಬಾರಾದಿಂದ ಹ್ಯಾರಿಸ್-ಲೂಯಿಸ್‌ವರೆಗಿನ ಪಶ್ಚಿಮದ ದ್ವೀಪಗಳ ಸಾಲು ಅದು. ನಾನೂ ನಮ್ಮ ಯಜಮಾನರೂ ಹೋದ ದಾರಿ ಅದೇ. ಓಬನ್‌ನಿಂದ ಬಾರಾಕ್ಕೆ ಸುಮಾರು 5 ತಾಸಿನ ಹಡಗು. ಆಮೇಲೆ ಎರಿಸ್ಕೆಗೆ 40 ನಿಮಿಷದ ಸಣ್ಣ ಫೆರಿ. ಅಲ್ಲಿಂದ ಸೌತ್ ಯೂಯಿಸ್ಟ್, ಬೆನ್‌ಬೆಕ್ಯುಲಾ, ನಾರ್ತ್ ಯೂಯಿಸ್ಟ್, ಬರ್ನರೆವರೆಗೂ ಸಮುದ್ರದ ಮೇಲೆ ಕಲ್ಲಿನ ಏರಿ ಹಾಕಿ ರಸ್ತೆ ಮಾಡಿದ್ದಾರೆ, ಗಾಡಿಯಲ್ಲೇ ದ್ವೀಪ ದಾಟಬಹುದು. ಬರ್ನರೆಯಿಂದ ಹ್ಯಾರಿಸ್‌ನ ಲೆವರ್‌ಬರಾಕ್ಕೆ 1 ತಾಸು. ಆ ಫೆರಿ ಬಂಡೆಗಳ ನಡುವೆ ಹಾವಿನಂತೆ ಸುತ್ತಿ ಸುತ್ತಿ ಹೋಗುತ್ತದೆ, ಒಳಗೆ ಕೂರಬೇಡಿ, ಮೇಲೆ ನಿಂತು ನೋಡಿ. ಕೊನೆಗೆ ಹ್ಯಾರಿಸ್‌ಗೆ ಅಂಟಿಕೊಂಡೇ ಇರುವ ಲೂಯಿಸ್‌ಗೆ ಗಾಡಿಯಲ್ಲೇ ಹೋಗಿ, ಅಲ್ಲಿನ ಸ್ಟೋರ್ನೊವೇಯಿಂದ ದೊಡ್ಡ ನೆಲದ ಉಲ್ಲಾಪೂಲ್‌ಗೆ ಹಡಗಿನಲ್ಲಿ ವಾಪಸ್.

ಮೊದಲು ಫೆರಿ ಬುಕ್ ಮಾಡು, ಆಮೇಲೆ ಗಾಡಿ. ಎಲ್ಲರೂ ಉಲ್ಟಾ ಮಾಡುತ್ತಾರೆ. ಗಾಡಿಗಳ ಜಾಗ ಬೇಗ ತುಂಬುತ್ತದೆ. ಗಾಳಿ ಜೋರಾದರೆ ಹಡಗು ಬಿಡುವುದಿಲ್ಲ, ಹಾಗಾಗಿ ವಿಮಾನದ ಹಿಂದಿನ ದಿನ ದ್ವೀಪದಲ್ಲಿ ಇರಲೇಬೇಡ.

ನಮ್ಮ ಲೈಸೆನ್ಸ್‌ನಲ್ಲಿ ಅಲ್ಲಿ 12 ತಿಂಗಳವರೆಗೆ ಸಣ್ಣ ಗಾಡಿ ಓಡಿಸಬಹುದು, ಆದರೆ 3,500 ಕೆಜಿ ಮೀರಬಾರದು. ಎಡಗಡೆಯೇ ಓಡಿಸುವುದು, ಅದು ಸಲೀಸು. ಕಷ್ಟ ಇರುವುದು ಒಂಟಿ ರಸ್ತೆಯಲ್ಲಿ. ಅಲ್ಲಲ್ಲಿ ಪಕ್ಕಕ್ಕೆ ಸರಿಯಲು ಜಾಗ ಬಿಟ್ಟಿರುತ್ತಾರೆ. ಅದು ಎಡಕ್ಕಿದ್ದರೆ ಒಳಗೆ ನಿಲ್ಲು. ಬಲಕ್ಕಿದ್ದರೆ ಅದರ ಎದುರಿಗೆ ರಸ್ತೆಯಲ್ಲೇ ನಿಂತುಕೋ, ಎದುರಿನವರು ಅದರೊಳಗೆ ಸರಿದು ಹೋಗುತ್ತಾರೆ. ಹಿಂದೆ ಊರಿನವರ ಗಾಡಿ ಬಂದರೂ ಜಾಗ ಕೊಡಬೇಕು, ಅವರು ಕೆಲಸಕ್ಕೆ ಹೊರಟಿರುತ್ತಾರೆ. ಅಲ್ಲಿ ಗಾಡಿ ಹಚ್ಚಿ ಫೋಟೊ ತೆಗೆಯುತ್ತಾ ಕೂತರೆ ಬೈಸಿಕೊಳ್ಳುವುದು ಗ್ಯಾರಂಟಿ, ಮತ್ತು ಬೈದವರದ್ದೇ ಸರಿ.

ಇನ್ನು ಬಾಗಿಲು. ಗಾಳಿಯ ಕಡೆ ಮುಖ ಮಾಡಿ ಗಾಡಿ ನಿಲ್ಲಿಸಬೇಕು, ಒಮ್ಮೆಗೆ ಒಂದೇ ಬಾಗಿಲು, ಅದೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು. ಹಿಂದಿನಿಂದ ಗಾಳಿ ನುಗ್ಗಿದರೆ ಬಾಗಿಲು ಕೀಲು ಸಮೇತ ತಿರುಚಿಕೊಳ್ಳುತ್ತದೆ. ಅಪ್ಪನಿಗೆ ಮೊದಲ ದಿನವೇ ಹೇಳು.

ಹಾವೇರಿ ಏಲಕ್ಕಿ

ಅಕ್ಕಾವ್ರು ಹೇಳಿದ್ದು ಸರಿ, ಆದರೆ 5 ತಾಸಿನ ಹಡಗು ಅಂದರೆ ವಯಸ್ಸಾದವರಿಗೆ ವಾಂತಿ ಆಗಲ್ವಾ? ನನ್ನ ಮತ ಆರ್ಕ್ನಿಗೆ. ಸ್ಕಾಟ್ಲೆಂಡ್‌ನ ಉತ್ತರ ತುದಿಯ ಗಿಲ್ಸ್ ಬೇಯಿಂದ ಸುಮಾರು 1 ತಾಸಿನ ದಾಟು. ಇಳಿದ ಮೇಲೆ ದ್ವೀಪಗಳ ನಡುವೆ ಸಮುದ್ರಕ್ಕೆ ಅಡ್ಡ ಕಟ್ಟಿದ, ಎರಡನೇ ಮಹಾಯುದ್ಧದ ಕಾಲದ ಚರ್ಚಿಲ್ ತಡೆಗೋಡೆಗಳ ಮೇಲೆ ಗಾಡಿ ಓಡಿಸಬೇಕು. ಅದನ್ನು ಕಟ್ಟುವ ಕೆಲಸಕ್ಕೆ ಬಂದ ಇಟಲಿಯ ಯುದ್ಧಕೈದಿಗಳು ಎರಡು ತಗಡಿನ ಶೆಡ್ ಜೋಡಿಸಿ ಮಾಡಿದ ಚರ್ಚ್ ಇದೆ, ಒಳಗೆ ಹೋದರೆ ತಗಡು ಅಂತ ನಂಬುವುದೇ ಕಷ್ಟ. 1850ರ ಬಿರುಗಾಳಿಗೆ ಮರಳು ಸರಿದು ಹೊರಬಿದ್ದ ಸ್ಕಾರಾ ಬ್ರೇ ಕೂಡ ಅಲ್ಲೇ. 5,000 ವರ್ಷ ಹಳೆಯ ಮನೆಗಳು, ಒಳಗೆ ಕಲ್ಲಿನ ಮಂಚ, ಕಲ್ಲಿನ ಮಾಡ.

ಬೆಟಗೇರಿ ಮಗ್ಗ (ಗದಗ)

ಅಣ್ಣಾವ್ರೆ, ಆರ್ಕ್ನಿ ಆಸೆ ಹುಟ್ಟಿಸಿಬಿಟ್ಟಿರಿ. ಆದರೆ ಮಗ್ಗ ಬಿಟ್ಟರೆ ಅಪ್ಪ ಮನೆಗೆ ಬಿಟ್ಟುಕೊಳ್ಳಲ್ಲ. ಅಕ್ಕಾವ್ರೆ, ಮಗ್ಗ ನೋಡಲು ಬಿಡುತ್ತಾರಾ? ರಾತ್ರಿ ಬೀಚ್ ಪಕ್ಕ ಸುಮ್ನೆ ನಿಲ್ಲಿಸಬಹುದಾ? ಅಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು ಅಂತಾರಲ್ಲ?

ವಿದ್ಯಾನಗರದ ಅಕ್ಕ (ಹುಬ್ಬಳ್ಳಿ)

ಆ ಹಕ್ಕು 2003ರ ಕಾನೂನಿನದು. ನಡೆದು ಹೋಗಿ ಟೆಂಟ್ ಹಾಕುವಂಥವರಿಗೆ, ಮೋಟರ್ ಗಾಡಿಗೆ ಇಲ್ಲ. ಬೀಚ್ ಹಿಂದಿನ ಹುಲ್ಲಿನ ನೆಲದ ಮೇಲೆ ಗಾಡಿ ಇಳಿಸಲೇಬೇಡ. ಮೇಲೆ ಹೂವು, ಕೆಳಗೆ ಬರೀ ಚಿಪ್ಪಿನ ಮರಳು, ಚಕ್ರ ಹೂತುಹೋಗುತ್ತದೆ, ಅವರ ದನ-ಕುರಿಯ ಮೇವೂ ಹಾಳು. ದುಡ್ಡು ಕೊಟ್ಟು ಕ್ಯಾಂಪ್‌ಸೈಟ್‌ನಲ್ಲಿ ನಿಲ್ಲು. ಟಾಯ್ಲೆಟ್ ಡಬ್ಬಿ ಖಾಲಿ ಮಾಡಲಿಕ್ಕಾದರೂ ಬೇಕಲ್ಲ. ಆ ಕೆಲಸ ನಿನ್ನದೇ, ಅವ್ವನಿಗೆ ಹಚ್ಚಬೇಡ.

ಮಗ್ಗದ ವಿಷಯ. 1993ರ ಕಾನೂನಿನ ಪ್ರಕಾರ ದ್ವೀಪದವರು ತಮ್ಮ ಮನೆಯಲ್ಲೇ ಕೈಯಾರೆ ನೇಯ್ದರೆ ಮಾತ್ರ ಅದು ಹ್ಯಾರಿಸ್ ಟ್ವೀಡ್. ಮನೆ ಪಕ್ಕದ ಶೆಡ್‌ನಲ್ಲಿ ಮಗ್ಗ ಇರುತ್ತದೆ. ಕೆಲವರು ಬೋರ್ಡ್ ಹಾಕಿ ಕರೆಯುತ್ತಾರೆ. ಬೋರ್ಡ್ ಇಲ್ಲದ ಕಡೆ ಬಾಗಿಲು ತಟ್ಟಬೇಡಿ. ಕರೆಂಟ್ ಇಲ್ಲ, ಎಲ್ಲ ಕಾಲಿನ ತುಳಿತವೇ. ಹಳೆಯ ಹ್ಯಾಟರ್ಸ್ಲಿ ಮಗ್ಗದಲ್ಲಿ ಲಾಳಿ ಇದೆ, ಖಟಾಖಟ್ ಸದ್ದು ರಸ್ತೆಗೇ ಕೇಳುತ್ತದೆ. 1990ರ ದಶಕದಲ್ಲಿ ಬಂದ ಅಗಲದ ಮಗ್ಗದಲ್ಲಿ ಲಾಳಿಯೇ ಇಲ್ಲ, ಸೈಕಲ್ ತುಳಿದಂತೆ ತುಳಿಯುತ್ತಾರೆ, ನೂಲನ್ನು ಒಂದು ಕಡ್ಡಿ ಎಳೆದೊಯ್ಯುತ್ತದೆ. ಹ್ಯಾಟರ್ಸ್ಲಿ ಎಲ್ಲಿದೆ ಅಂತ ಕೇಳಿಕೊಂಡೇ ಹೋಗು, ಇಲ್ಲಾಂದ್ರೆ ಅಪ್ಪ ಸಿಟ್ಟಾಗುತ್ತಾರೆ.

ಭಾನುವಾರ ಹ್ಯಾರಿಸ್-ಲೂಯಿಸ್‌ನಲ್ಲಿ ದೇವರ ದಿನ. ಅಂಗಡಿ, ಪಂಪ್ ಬಹಳಷ್ಟು ಬಂದ್. ಸ್ಟೋರ್ನೊವೇಯಿಂದ ಭಾನುವಾರ ಫೆರಿ ಶುರುವಾಗಿದ್ದೇ 2009ರಲ್ಲಿ. ಶನಿವಾರವೇ ಡೀಸೆಲ್, ಹಾಲು, ಮೊಸರು ತುಂಬಿಸಿಕೊಳ್ಳಿ.

ಅವ್ವನಿಗೆ ಹೇಳು, ಒಳಗೆ ಗ್ಯಾಸ್ ಒಲೆ ಇರುತ್ತದೆ, ಅನ್ನ-ಸಾರಿಗೆ ತೊಂದರೆ ಇಲ್ಲ. ಫೆರಿ ಹತ್ತುವಾಗ ಮಾತ್ರ ಸಿಲಿಂಡರ್ ಬಂದ್ ಮಾಡಬೇಕು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಳ್ಳಿ. ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಹಾಗಾಗಿ ಮಗಳಿಗೆ ಅಂತ ಧಾರವಾಡ ಪೇಡೆ, ಬೆಣ್ಣೆ, ತುಪ್ಪ ಬೇಡ. ಗಾಳಿ ನಿಂತ ಸಂಜೆ ನುಸಿ ಮುತ್ತುತ್ತವೆ, ಮೇನಲ್ಲಿ ಕಡಿಮೆ, ಆದರೂ ಬಾಗಿಲು ಹಾಕಿಕೊಂಡೇ ಅಡುಗೆ ಮಾಡಿ.

ಏಲಕ್ಕಿಯವರೆ, ವಾಂತಿಗೆ ಡಾಕ್ಟರ್ ಕೊಟ್ಟ ಮಾತ್ರೆ ಹಡಗು ಬಿಡುವ ಮೊದಲೇ ನುಂಗಿ, ಹಡಗಿನ ನಡುಭಾಗದಲ್ಲಿ ಕೂತರೆ ತಡೆಯುತ್ತದೆ. ನಮ್ಮ ಯಜಮಾನರೇ ಸಾಕ್ಷಿ, ಅವರಿಗೆ ಕಾರವಾರದ ಬೋಟೂ ಆಗಿಬರುವುದಿಲ್ಲ.

ಇನ್ನೊಂದು ತಮ್ಮಾ, ಫೆರಿ ಬುಕಿಂಗ್‌ನಲ್ಲಿ ಗಾಡಿಯ ಉದ್ದ ಕೇಳುತ್ತಾರೆ. ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದರೆ ಅದನ್ನೂ ಸೇರಿಸಿ ಬರಿ.